ಕೊಡಗಿನ ವಸ್ತುಗಳು ಮತ್ತು ವಿನ್ಯಾಸ ಮ್ಯೂಸಿಯಂ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳಲ್ಲಿ, ತೋಟದ ಬಂಗಲೆಗಳಲ್ಲಿ, ಬುಡಕಟ್ಟು ಜನರ ಹಾಡಿಗಳಲ್ಲಿ, ಕಮ್ಮಾರರ ಕುಲುಮೆಗಳಲ್ಲಿ ತಲೆಮಾರುಗಳಿಂದ ಕೆಲಸಕ್ಕೆ ಒದಗಿದ ವಸ್ತುಗಳು ಇನ್ನೂ ಉಳಿದಿವೆ. ಅವನ್ನು ಮ್ಯೂಸಿಯಂಗೆ ಕೊಡಬೇಕೇ, ಕೊಟ್ಟರೆ ಅವುಗಳ ಗತಿ ಏನು, ಕೊಡದೆಯೂ ಉಳಿಸಿಕೊಳ್ಳಲು ದಾರಿ ಇದೆಯೇ ಎಂದು ಹಿರಿಯರೂ ಕೇಳುತ್ತಾರೆ, ಬೆಂಗಳೂರಿನಲ್ಲಿ ನೆಲೆಸಿ ಹಬ್ಬಕ್ಕೆ ಮಾತ್ರ ಊರಿಗೆ ಬರುವ ಕಿರಿಯರೂ ಕೇಳುತ್ತಾರೆ. ಅಂಥ ಪ್ರಶ್ನೆಗಳಿಗೆ ವಿನ್ಯಾಸ ಮ್ಯೂಸಿಯಂಗಳ ಕಾರ್ಯವಿಧಾನವನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ವಿನ್ಯಾಸ ಮ್ಯೂಸಿಯಂಗೂ ಮಡಿಕೇರಿ ಕೋಟೆಯಲ್ಲಿರುವ ಮ್ಯೂಸಿಯಂಗೂ ಏನು ವ್ಯತ್ಯಾಸ?

ಕೋಟೆಯೊಳಗಿನ ಹಳೆಯ ಚರ್ಚ್ ಕಟ್ಟಡದಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ ನಾಡಿನ ಇತಿಹಾಸವನ್ನು ಹೇಳುತ್ತದೆ. 2021ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಮಡಿಕೇರಿಯ 'ಸನ್ನಿಸೈಡ್' ಮ್ಯೂಸಿಯಂ, ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಬದುಕನ್ನೂ ಸೈನ್ಯದ ಪರಂಪರೆಯನ್ನೂ ಹೇಳುತ್ತದೆ. ವಿನ್ಯಾಸ ಮ್ಯೂಸಿಯಂ ಅಂಥದ್ದೇ ವಸ್ತುಗಳನ್ನು ಇಟ್ಟುಕೊಂಡು ಬೇರೆ ಪ್ರಶ್ನೆಗಳನ್ನು ಕೇಳುತ್ತದೆ: ಇದಕ್ಕೆ ಈ ಆಕಾರ ಏಕೆ ಬಂತು, ಯಾವ ಮರ, ಯಾವ ಲೋಹ, ಯಾರು ಮಾಡಿದರು, ಬಳಸುವವರ ಕೈಗೆ ಅದು ಹೇಗೆ ಹೊಂದಿಕೊಂಡಿತು, ಯಾವ ಕಾಲದಲ್ಲಿ ಏಕೆ ಬದಲಾಯಿತು.

ಕೊಡವರ ಯುದ್ಧಕತ್ತಿಯಾದ ಒಡಿಕತ್ತಿಯನ್ನು ನೋಡಿ. ಇತಿಹಾಸದ ಮ್ಯೂಸಿಯಂನಲ್ಲಿ ಅದರ ಪಕ್ಕದ ಫಲಕದ ಮೇಲೆ ಯುದ್ಧದ ಹೆಸರೋ ಅರಸನ ಹೆಸರೋ ಇರುತ್ತದೆ. ವಿನ್ಯಾಸವನ್ನು ಗಮನಿಸುವವರು, ಅಲಗು ತುದಿಯತ್ತ ಹೋದಂತೆ ಅಗಲವಾಗಿ ತೂಕವೆಲ್ಲ ಮುಂದಕ್ಕೆ ಸರಿಯುವುದನ್ನು, ಹರಿತವಿರುವುದು ಒಳಬಾಗಿನ ಕಡೆಗೆ ಎಂಬುದನ್ನು, ಒರೆಯಿಲ್ಲದ ಈ ಕತ್ತಿ ಬೆನ್ನ ಹಿಂದಿನ ಹಿತ್ತಾಳೆಯ ಕೊಕ್ಕೆಯಾದ ತೊಡಂಗಿನಲ್ಲಿ ನಿಲ್ಲುವ ಬಗೆಯನ್ನು ನೋಡುತ್ತಾರೆ. ಮದುವೆಯಲ್ಲಿ ಬಾಳೆ ಕಡಿಯುವಾಗ ಒಂದೇ ಏಟಿಗೆ ದಿಂಡು ಉರುಳುವುದರಲ್ಲಿ ತೋಳಿನ ಬಲದಷ್ಟೇ ಈ ತೂಕದ ಹಂಚಿಕೆಯ ಪಾಲೂ ಇದೆ.

ಇಂಥ ಮ್ಯೂಸಿಯಂಗಳ ಚರಿತ್ರೆ ಲಂಡನ್ನಿನ 1851ರ ಮಹಾ ಪ್ರದರ್ಶನದಿಂದ ಮೊದಲಾಗುತ್ತದೆ. ಅದರ ಮರುವರ್ಷ, 1852ರಲ್ಲಿ, ತಯಾರಕರಿಗೂ ಜನಸಾಮಾನ್ಯರಿಗೂ ಒಳ್ಳೆಯ ವಿನ್ಯಾಸದ ತಿಳಿವಳಿಕೆ ಕೊಡಲೆಂದು ಆರಂಭವಾದ ಸಂಸ್ಥೆಯೇ ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ನಮ್ಮ ದೇಶದಲ್ಲಿ 1949ರಲ್ಲಿ ಅಹಮದಾಬಾದಿನಲ್ಲಿ ಕ್ಯಾಲಿಕೊ ಜವಳಿ ಮ್ಯೂಸಿಯಂ ಹುಟ್ಟಿತು. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ, ತಾವು ಇಲ್ಲಿ ಕಂಡು ಮೆಚ್ಚಿದ ವಸ್ತುಗಳಲ್ಲಿ ನೀರಿನ ತಂಬಿಗೆಗೆ ಮೊದಲ ಸ್ಥಾನ ಕೊಟ್ಟರು. ಅದನ್ನು ಯಾವನೋ ಒಬ್ಬ ವಿನ್ಯಾಸಕಾರ ರೂಪಿಸಲಿಲ್ಲ, ಅನೇಕ ತಲೆಮಾರುಗಳ ಅನೇಕ ಕೈಗಳು ರೂಪಿಸಿದವು ಎಂಬುದು ಅವರ ವಾದವಾಗಿತ್ತು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು.

ಪ್ರಶ್ನೆ: ಯಾವ ವಸ್ತುವನ್ನು ತೆಗೆದುಕೊಳ್ಳಬೇಕು ಎಂದು ಯಾರು ತೀರ್ಮಾನಿಸುತ್ತಾರೆ?

ಪ್ರತಿಯೊಂದು ಜವಾಬ್ದಾರಿಯುತ ಮ್ಯೂಸಿಯಂಗೂ ಬರಹದಲ್ಲಿರುವ ಒಂದು ಸಂಗ್ರಹ ನೀತಿ ಇರುತ್ತದೆ. ಯಾವ ಪ್ರದೇಶ, ಯಾವ ಕಾಲ, ಯಾವ ಬಗೆಯ ವಸ್ತು, ಯಾವುದನ್ನು ತೆಗೆದುಕೊಳ್ಳುವುದಿಲ್ಲ ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿರುತ್ತದೆ. ಸಂಗ್ರಹದ ಹೊಣೆ ಹೊತ್ತ ಕ್ಯುರೇಟರ್ ಒಂದು ವಸ್ತುವನ್ನು ಸೂಚಿಸಿ, ಅದು ಏಕೆ ಬೇಕು, ಅಂಥದ್ದು ಈಗಾಗಲೇ ಇದೆಯೇ, ಕಾಪಾಡುವ ಶಕ್ತಿ ನಮಗಿದೆಯೇ ಎಂದು ಬರೆದುಕೊಡುತ್ತಾರೆ, ಒಂದು ಸಮಿತಿ ಅದನ್ನು ಪರಿಶೀಲಿಸುತ್ತದೆ. ನೀವು ವಸ್ತು ಕೊಡಲು ಹೊರಟಾಗ ಮೊದಲು ಈ ನೀತಿಯ ಪ್ರತಿಯನ್ನು ಕೇಳಿ ಓದಿ. ಅಂಥದ್ದೊಂದು ಇಲ್ಲವೆಂದಾದರೆ ಅಲ್ಲಿಗೆ ಕೊಡುವ ಮುನ್ನ ಎರಡು ಬಾರಿ ಯೋಚಿಸುವುದು ಒಳ್ಳೆಯದು.

ಕೊಡಗಿನ ಮಟ್ಟಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪೀಚೆಕತ್ತಿ (ಸೊಂಟದ ಬಾಕು), ಜೋಮಾಲೆ ಮತ್ತು ಕೊಕ್ಕೆತಾತಿ (ಕೊರಳ ಒಡವೆಗಳು), ಕುಪ್ಯ (ಗಂಡಸರ ಉದ್ದ ಕೋಟು), ಚೇಲೆ (ಸೊಂಟಪಟ್ಟಿ) ಇವಿಷ್ಟನ್ನೇ ಕೂಡಿಹಾಕಿದ ಸಂಗ್ರಹ ಕೊಡಗಿನ ಅರ್ಧವನ್ನೂ ಹೇಳುವುದಿಲ್ಲ. ಕಬ್ಬಿಣ ಕಾಯಿಸಿ ಕತ್ತಿ ಬಡಿದ, ಕಂಬ ಕೆತ್ತಿದ ಐರಿಗಳು, ಬಿದಿರು ಸೀಳಿ ಬುಟ್ಟಿ ಹೆಣೆದ ಮೇದರು, ಹೆಜ್ಜೇನು ಇಳಿಸಲು ಬಳ್ಳಿಯಲ್ಲೇ ಏಣಿ ಕಟ್ಟಿದ ಜೇನುಕುರುಬರು, ಗದ್ದೆಯಲ್ಲಿ ದುಡಿದ ಯರವರು, ಅರೆಭಾಷೆ ಗೌಡರ ಮನೆಯ ಅಡುಗೆಕೋಣೆ, ಕಾಫಿ ತೋಟದ ಕಾರ್ಮಿಕರ ಲೈನುಮನೆ, ಇವೆಲ್ಲವೂ ಸಂಗ್ರಹ ನೀತಿಯಲ್ಲಿ ಹೆಸರು ಹಿಡಿದು ಬರಬೇಕು. ಹಾಗೆ ಬರೆದಿಡದಿದ್ದರೆ, ಹೊಳೆಯುವ ವಸ್ತುಗಳೇ ಮೊದಲು ಬಂದು ಕಪಾಟು ತುಂಬುತ್ತವೆ.

ಪ್ರಶ್ನೆ: ಬೆಲೆ ಬಾಳದ ಸಾಮಾನ್ಯ ವಸ್ತುಗಳಿಗೂ ಅಲ್ಲಿ ಜಾಗ ಇದೆಯೇ?

ಖಂಡಿತ ಇದೆ. ಅಹಮದಾಬಾದಿನ ವಿಶಾಲಾದಲ್ಲಿ ಪಾತ್ರೆಪಡಗಗಳಿಗೆಂದೇ ಒಂದು ಮ್ಯೂಸಿಯಂ ಇದೆ. ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ 2010ರಲ್ಲಿ ಇಮೇಲ್ ವಿಳಾಸದ 'ಅಟ್' ಚಿಹ್ನೆಯನ್ನೂ, 2016ರಲ್ಲಿ ಜಪಾನಿನ ಮೊಬೈಲ್‌ಗಳಿಗಾಗಿ ರಚಿಸಿದ್ದ 176 ಆರಂಭಕಾಲದ ಎಮೋಜಿಗಳನ್ನೂ ತನ್ನ ವಿನ್ಯಾಸ ಸಂಗ್ರಹಕ್ಕೆ ಸೇರಿಸಿಕೊಂಡಿತು. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2014ರಿಂದ, ಸುದ್ದಿಯಲ್ಲಿರುವ ವಸ್ತುಗಳನ್ನು ಆ ಹೊತ್ತಿಗೇ ಸಂಗ್ರಹಿಸುವ ಒಂದು ಕ್ರಮವನ್ನು ರೂಢಿಸಿಕೊಂಡಿದೆ.

ನಮ್ಮಲ್ಲಿ ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಮರದ ಒರಳು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಲು ಕೈಯಿಂದ ತಿರುಗಿಸುವ ಪಲ್ಪರ್, ಗಿಡ ಸವರುವ ಕಪಾತಿನ ಕತ್ತಿ, ನಾಟಿಯ ಸಮಯದಲ್ಲಿ ಬೆನ್ನಿಗೆ ಹೊದೆಯುತ್ತಿದ್ದ ಗೊರಬು, ಬಂಗಲೆಯ ಜಗಲಿಯಲ್ಲಿದ್ದ ಉದ್ದ ತೋಳಿನ ಆರಾಮಕುರ್ಚಿ, ಇವು ಯಾವ ಚಿನ್ನದ ಒಡವೆಗೂ ಕಡಿಮೆಯಲ್ಲ. 1997ರಲ್ಲಿ ಕರಡದಲ್ಲಿ ಮೊದಲಾದ ಕೊಡವ ಕುಟುಂಬಗಳ ಹಾಕಿ ಉತ್ಸವದ ಲಾಂಛನಗಳು, ಜೆರ್ಸಿಗಳು, ಆಮಂತ್ರಣ ಪತ್ರಗಳು ಕೂಡ ಈ ಕಾಲದ ಕೊಡಗಿನ ವಿನ್ಯಾಸವೇ ಆಗಿವೆ. ಅವನ್ನು ಸುಲಭವಾಗಿ ಸಿಗುವ ಇಂದೇ ಎತ್ತಿಡಬೇಕು.

ಪ್ರಶ್ನೆ: ನಮ್ಮ ಐನ್‌ಮನೆಯಲ್ಲಿರುವ ವಸ್ತುವನ್ನು ನಾನು ಮ್ಯೂಸಿಯಂಗೆ ಕೊಡಬಹುದೇ?

ನೀವೊಬ್ಬರೇ ಕೊಡುವಂತಿಲ್ಲ. ಐನ್‌ಮನೆಯ ವಸ್ತು ಇಡೀ ಒಕ್ಕಕ್ಕೆ, ಅಂದರೆ ಒಂದೇ ಮೂಲದ ಕುಟುಂಬವರ್ಗಕ್ಕೆ, ಸೇರಿದ್ದು. ಕೀಲಿಕೈ ಯಾರ ಬಳಿ ಇದೆ, ಮನೆಯನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದರಿಂದ ಒಡೆತನ ತೀರ್ಮಾನವಾಗುವುದಿಲ್ಲ. ಒಕ್ಕದ ಹಿರಿಯರಾದ ಪಟ್ಟೆದಾರರ ಮುಂದೆ ವಿಷಯವಿಟ್ಟು, ಒಕ್ಕದವರು ಕೂಡಿದಾಗ ಮಾತಾಡಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲೆಯೇ ದಾನಪತ್ರದ ಮಾತು. ಒಬ್ಬ ಸದಸ್ಯರ ಸಹಿಯ ಮೇಲೆ ಐನ್‌ಮನೆಯ ವಸ್ತುವನ್ನು ಒಯ್ಯಲು ಸಿದ್ಧವಾಗುವ ಯಾವುದೇ ಸಂಸ್ಥೆ, ಅದು ಎಷ್ಟೇ ದೊಡ್ಡದಿರಲಿ, ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ: ಆ ವಸ್ತು ಈಗಲೂ ಬಳಕೆಯಲ್ಲಿದೆಯೇ? ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೊಳೆದು, ಒರೆಸಿ, ತೋಕ್‌ಪೂ ಎಂಬ ಹೂವನ್ನಿಟ್ಟು ಪೂಜಿಸುವ ಆಯುಧ, ಸುಗ್ಗಿಯ ಹಬ್ಬವಾದ ಪುತ್ತರಿಯಂದು ಕದಿರು ತೆಗೆಯಲು ಹೋಗುವಾಗ ಹಿಡಿಯುವ ಬುಟ್ಟಿ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಉರಿಯುವ ತೂಗುದೀಪ ಇವು ತಮ್ಮ ಸ್ಥಾನದಲ್ಲೇ ಇರಬೇಕು. ಅವನ್ನು ಗಾಜಿನ ಹಿಂದೆ ಇಟ್ಟರೆ ವಸ್ತು ಉಳಿಯಬಹುದು, ಆದರೆ ಅದನ್ನು ವರ್ಷಕ್ಕೊಮ್ಮೆ ಹೊರತೆಗೆದು ನೋಡಿಕೊಳ್ಳುವ ತಿಳಿವಳಿಕೆ ಮನೆಯಿಂದ ಹೋಗಿಬಿಡುತ್ತದೆ. ಐಮರದಂತಹ ವಸ್ತುವನ್ನು ಕಿತ್ತು ತರುವುದಂತೂ ಸರಿಯೇ ಅಲ್ಲ. ಮನೆಯ ಮುಂದಿನ ಜಗಲಿಯಾದ ಕೈಯಾಲೆಯ ಕಂಬಗಳ ನಡುವೆ ಅಳವಡಿಸಿದ ಆ ಅಗಲವಾದ ಹಲಗೆ, ಅದರ ಮೇಲೆ ಯಾರು ಎಲ್ಲಿ ಕೂರಬೇಕೆಂಬ ಮರ್ಯಾದೆ, ಎದುರಿಗೆ ಕಾಣುವ ಅಂಗಳ ಮತ್ತು ಗದ್ದೆ, ಎಲ್ಲವೂ ಸೇರಿಯೇ ಒಂದು ವಿನ್ಯಾಸ.

ಹಾಗಾಗಿ ಮ್ಯೂಸಿಯಂಗಳು ಈಗ ಮೂರನೆಯ ದಾರಿಯೊಂದನ್ನು ಹಿಡಿಯುತ್ತಿವೆ. ವಸ್ತು ಮನೆಯಲ್ಲೇ ಇರುತ್ತದೆ, ಮ್ಯೂಸಿಯಂನವರು ಬಂದು ಅಳತೆ ತೆಗೆದು, ನಕ್ಷೆ ಬರೆದು, ಛಾಯಾಚಿತ್ರ ಹಿಡಿದು, ಬಳಸುವವರ ಮಾತನ್ನು ದಾಖಲಿಸುತ್ತಾರೆ. ಅಂದರೆ ದಾಖಲೆ ಮಾತ್ರ ಸಂಗ್ರಹಕ್ಕೆ ಸೇರುತ್ತದೆ. ಬೀಗ ಹಾಕಿ ಬಿಟ್ಟ ಮನೆ, ಸೋರುವ ಮಾಡು, ಕಳವಿನ ಭಯ ಇವು ಇದ್ದಾಗ ಮಾತ್ರ ವಸ್ತುವನ್ನೇ ಒಯ್ಯುವುದು ಸರಿ. ಆಗಲೂ ಪೂರ್ಣ ದಾನಕ್ಕಿಂತ ಕಾಲಮಿತಿಯ ಎರವಲು ಒಳ್ಳೆಯದು. ಹಬ್ಬಕ್ಕೆ ವಸ್ತು ಮನೆಗೆ ಬಂದು ಹೋಗುವ ಷರತ್ತನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಬಹುದು.

ಪ್ರಶ್ನೆ: ದಂತದ ಹಿಡಿಯ ಪೀಚೆಕತ್ತಿ, ಗೋಡೆಯ ಮೇಲಿನ ಕೊಂಬು, ಹಳೆಯ ಕೋವಿ, ಓಲೆಗರಿ ಇವನ್ನು ಕೊಡುವಾಗ ಕಾನೂನಿನ ತೊಡಕು ಇದೆಯೇ?

ಇದೆ, ಮತ್ತು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆನೆದಂತ, ಕಾಡುಪ್ರಾಣಿಗಳ ಕೊಂಬು, ಚರ್ಮ, ಉಗುರು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅಜ್ಜನ ಕಾಲದಿಂದ ಮನೆಯಲ್ಲಿದ್ದರೂ ಮಾಲೀಕತ್ವದ ಪ್ರಮಾಣಪತ್ರ ಬೇಕು, ಪ್ರಮಾಣಪತ್ರ ಇದ್ದರೂ ಮಾರುವಂತಿಲ್ಲ. ಮ್ಯೂಸಿಯಂಗೆ ಉಚಿತವಾಗಿ ಕೊಡುವುದಾದರೂ ವಸ್ತುವನ್ನು ಮನೆಯಿಂದ ಹೊರಡಿಸುವ ಮೊದಲೇ ಅರಣ್ಯ ಇಲಾಖೆಯನ್ನು ಲಿಖಿತವಾಗಿ ಕೇಳಿ.

ಕೊಡವರಿಗೂ ಜಮ್ಮಾ (ಅರಸರ ಕಾಲದಿಂದ ವಂಶಪರಂಪರೆಯಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿ ಆ ಜನರಿಗೆ ಸಂಬಂಧಿಸಿದ್ದು. ಕೋವಿಯ ಜೊತೆಗೆ ಅದೂ ಮ್ಯೂಸಿಯಂಗೆ ಬರುತ್ತದೆ ಎಂದು ತಿಳಿಯಬೇಡಿ, ಜಿಲ್ಲಾಡಳಿತದೊಡನೆ ಮೊದಲೇ ಮಾತಾಡಿ.

ನೂರು ವರ್ಷ ದಾಟಿದ ವಸ್ತುಗಳನ್ನೂ, 75 ವರ್ಷ ದಾಟಿದ ಹಸ್ತಪ್ರತಿಗಳನ್ನೂ 1972ರ ಪುರಾತನ ವಸ್ತುಗಳ ಕಾಯ್ದೆ ಒಳಗೊಳ್ಳುತ್ತದೆ. ಅವುಗಳಲ್ಲಿ ಕೆಲವು ವರ್ಗದವನ್ನು ನೋಂದಾಯಿಸಬೇಕಾಗುತ್ತದೆ, ಖಾಸಗಿಯಾಗಿ ವಿದೇಶಕ್ಕೆ ಕಳುಹಿಸುವಂತಿಲ್ಲ. ಹೊರದೇಶದಲ್ಲಿರುವ ಮಗನಿಗೋ ಮಗಳಿಗೋ ಹಳೆಯ ಓಲೆಗರಿಯನ್ನು ಪ್ರೀತಿಯಿಂದ ಕೊಟ್ಟು ಕಳುಹಿಸುವುದು ಕೂಡ ಅಪರಾಧವಾಗುತ್ತದೆ ಎಂಬುದನ್ನು ಮನೆಯವರೆಲ್ಲ ತಿಳಿದಿರಬೇಕು.

ಪ್ರಶ್ನೆ: ವಸ್ತುವಿಗೆ ಹಣ ಕೊಡುತ್ತಾರೆಯೇ?

ಹೆಚ್ಚಿನ ವಸ್ತುಗಳು ದಾನವಾಗಿಯೇ ಬರುತ್ತವೆ. ಕೆಲವು ಸಂಸ್ಥೆಗಳು ಕೊಳ್ಳುವುದೂ ಉಂಟು. ಈಗಿನ ಕುಶಲಕರ್ಮಿಯಿಂದ ಹೊಸ ಬುಟ್ಟಿಯನ್ನೋ ದುಡಿ ಎಂಬ ವಾದ್ಯವನ್ನೋ ಪಡೆಯುವಾಗ ಮಾತ್ರ ಪೂರ್ಣ ಬೆಲೆ ಕೊಡಲೇಬೇಕು. ದುಡಿಮೆಯನ್ನು ದಾನವಾಗಿ ಕೇಳುವುದು ಸಲ್ಲದು.

ಪ್ರಶ್ನೆ: ವಸ್ತು ಒಳಗೆ ಬಂದ ಮೇಲೆ ಏನೇನು ನಡೆಯುತ್ತದೆ?

ಮೊದಲು ಅದನ್ನು ಉಳಿದ ಸಂಗ್ರಹದಿಂದ ಪ್ರತ್ಯೇಕವಾಗಿ ಇಡುತ್ತಾರೆ. ಮರ, ಬಿದಿರು, ಬಟ್ಟೆಯ ವಸ್ತುಗಳಲ್ಲಿ ಕುಟ್ಟೆಹುಳುವೋ ನುಸಿಯೋ ಇದ್ದರೆ ಒಂದರಿಂದ ನೂರಕ್ಕೆ ಹಬ್ಬುತ್ತದೆ. ಅನುಮಾನ ಬಂದರೆ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಸುತ್ತಿ, ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಂಪಿನಲ್ಲಿ ಎರಡು ವಾರ ಇಡುವುದು ರೂಢಿಯಲ್ಲಿರುವ ವಿಧಾನ. ಇದರಲ್ಲಿ ಕೀಟನಾಶಕವೇ ಬೇಕಾಗುವುದಿಲ್ಲ.

ಆಮೇಲೆ ಸಂಖ್ಯೆ. ಉದಾಹರಣೆಗೆ 2026.14.3 ಎಂದಿದ್ದರೆ, 2026ನೆಯ ವರ್ಷದಲ್ಲಿ ಬಂದ 14ನೆಯ ಕೊಡುಗೆಯ ಮೂರನೆಯ ವಸ್ತು ಎಂದು ಅರ್ಥ. ಈ ಸಂಖ್ಯೆಯನ್ನು ವಸ್ತುವಿನ ಮೇಲೆ ನೇರವಾಗಿ ಬರೆಯುವುದಿಲ್ಲ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳವನ್ನು ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಅದರ ಮೇಲೆ ಶಾಯಿಯಲ್ಲಿ ಬರೆದು, ಮತ್ತೊಂದು ಪದರ ಹಚ್ಚುತ್ತಾರೆ. ಅಸಿಟೋನ್‌ನಿಂದ ಒರೆಸಿದರೆ ಗುರುತೂ ಉಳಿಯದೆ ಹೋಗುತ್ತದೆ. ಬಟ್ಟೆಗಾದರೆ ಹತ್ತಿಯ ಪಟ್ಟಿಯ ಮೇಲೆ ಬರೆದು ಎರಡು ಸಡಿಲ ಹೊಲಿಗೆ ಹಾಕುತ್ತಾರೆ.

ನಂತರದ ಕೆಲಸ ಬರಹದ್ದು. ಒಂದು ಪೀಚೆಕತ್ತಿ ಬಂದಿದೆ ಎನ್ನಿ. 'ಅಲಂಕೃತ ಬಾಕು, ಬೆಳ್ಳಿ, ಕೊಡಗು' ಎಂದು ಒಂದು ಸಾಲು ಬರೆದು ಮುಗಿಸಿದರೆ ಅದು ದಾಖಲೆಯೇ ಅಲ್ಲ. ಹಿಡಿ ಯಾವುದರದ್ದು, ಒರೆಯ ಮರ ಯಾವುದು, ಬೆಳ್ಳಿಯ ತಗಡನ್ನು ಹೇಗೆ ಕೂಡಿಸಿದ್ದಾರೆ, ಸರಪಳಿಗಳೆಷ್ಟು, ಅವುಗಳ ತುದಿಯಲ್ಲಿ ತೂಗುವ ಪುಟ್ಟ ಪರಿಕರಗಳು ಯಾವುವು, ಎಲ್ಲಿ ಸವೆದಿದೆ, ಯಾವ ಕೊಂಡಿಯನ್ನು ಆಮೇಲೆ ಬದಲಾಯಿಸಿದ್ದಾರೆ, ಅಲಗನ್ನು ಮತ್ತೆ ಮತ್ತೆ ಮಸೆದದ್ದರಿಂದ ಅಗಲ ಕಡಿಮೆಯಾಗಿದೆಯೇ, ಇವೆಲ್ಲ ಬರಬೇಕು. ಅದಕ್ಕಿಂತ ಹೆಚ್ಚಾಗಿ, ಯಾರ ಮದುವೆಯಲ್ಲಿ ಯಾರು ಅದನ್ನು ಚೇಲೆಗೆ ಸಿಕ್ಕಿಸಿಕೊಂಡಿದ್ದರು, ಮಾಡಿದವರು ಯಾವ ಊರಿನವರು, ರಿಪೇರಿಗೆ ಎಲ್ಲಿಗೆ ಕೊಂಡೊಯ್ಯುತ್ತಿದ್ದರು ಎಂಬುದು ಬರಬೇಕು. ಹಳೆಯ ಮ್ಯೂಸಿಯಂ ದಾಖಲೆಗಳಲ್ಲಿ ಕೊಟ್ಟವರ ಹೆಸರು ಇರುತ್ತದೆ, ಮಾಡಿದವರ ಹೆಸರು ಇರುವುದಿಲ್ಲ. ಈ ಕೊರತೆಯನ್ನು ತುಂಬುವುದು ಈಗ ಸಂಗ್ರಹಿಸುವವರ ಮೊದಲ ಕರ್ತವ್ಯವೆಂದು ನಾನು ತಿಳಿದಿದ್ದೇನೆ, ಏಕೆಂದರೆ ಹೇಳಬಲ್ಲ ಹಿರಿಯರು ಇನ್ನೂ ನಮ್ಮೊಡನಿದ್ದಾರೆ.

ವಸ್ತುವಿನ ಹೆಸರನ್ನು ಮನೆಯವರು ಕರೆಯುವ ಹಾಗೆಯೇ ದಾಖಲಿಸಬೇಕು. ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ, ಯರವರ ಮಾತಿನಲ್ಲಿ ಹೆಸರು ಬೇರೆಬೇರೆ ಇದ್ದರೆ ಎಲ್ಲವನ್ನೂ ಬರೆದು, ಉಚ್ಚಾರಣೆಯ ಧ್ವನಿಮುದ್ರಣವನ್ನೂ ಜೊತೆಗಿಡಬೇಕು. ಹಾಗಿದ್ದರೆ ಮಾತ್ರ ನಾಳೆ ಹುಡುಕುವ ಮಗುವಿಗೆ ತನ್ನ ಮನೆಮಾತಿನಲ್ಲೇ ಅದು ಸಿಗುತ್ತದೆ.

ಪ್ರಶ್ನೆ: ಕೊಡಗಿನ ಮಳೆಗಾಲದಲ್ಲಿ ಇವನ್ನೆಲ್ಲ ಕಾಪಾಡುವುದು ಸಾಧ್ಯವೇ?

ಸಾಧ್ಯ, ಆದರೆ ಬಯಲುಸೀಮೆಯ ಮ್ಯೂಸಿಯಂನ ಕ್ರಮವನ್ನು ತಂದು ಇಲ್ಲಿ ಹಾಕಿದರೆ ಆಗುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಆಷಾಢದಲ್ಲಿ ಗಾಳಿಯ ತೇವ ವಾರಗಟ್ಟಲೆ ಇಳಿಯುವುದೇ ಇಲ್ಲ. ಸಾಪೇಕ್ಷ ತೇವಾಂಶ ಶೇಕಡ 65 ದಾಟಿ ನಿಂತರೆ ಬೂಷ್ಟು ಹಿಡಿಯಲು ಅಷ್ಟೇ ಸಾಕು. ದೊಡ್ಡ ಮ್ಯೂಸಿಯಂಗಳು ಹೆಚ್ಚಿನ ವಸ್ತುಗಳಿಗೆ ಶೇಕಡ 40ರಿಂದ 60ರ ನಡುವಿನ ತೇವಾಂಶವನ್ನೂ, 16ರಿಂದ 25 ಡಿಗ್ರಿಯ ಉಷ್ಣತೆಯನ್ನೂ ಒಪ್ಪಿಕೊಂಡಿವೆ. ಬಟ್ಟೆ, ಕಾಗದಗಳಿಗೆ ಬೆಳಕು 50 ಲಕ್ಸ್ (ಬೆಳಕಿನ ಅಳತೆಯ ಮಾನ) ಮೀರಬಾರದೆಂಬುದು ವಾಡಿಕೆ.

ಇಡೀ ಕಟ್ಟಡವನ್ನು ಯಂತ್ರದಿಂದ ಒಣಗಿಸುವುದು ಇಲ್ಲಿ ದುಬಾರಿ, ಕರೆಂಟು ಹೋದ ದಿನ ಅದೆಲ್ಲ ವ್ಯರ್ಥ. ಬದಲಿಗೆ, ಗಾಳಿ ನುಸುಳದ ಪೆಟ್ಟಿಗೆಗಳಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಪ್ರತಿ ಪೆಟ್ಟಿಗೆಯಲ್ಲೂ ಅಗ್ಗದ ತೇವಮಾಪಕವನ್ನಿರಿಸಿ, ಪೆಟ್ಟಿಗೆಯೊಳಗಿನ ಹವೆಯನ್ನು ಮಾತ್ರ ಹತೋಟಿಯಲ್ಲಿಡುವುದು ಜಾಣತನ. ಕಬ್ಬಿಣದ ವಸ್ತುಗಳಿಗೆ ಇದು ಅತ್ಯಗತ್ಯ, ಅವಕ್ಕೆ ಶೇಕಡ 40ಕ್ಕಿಂತ ಕಡಿಮೆ ತೇವವೇ ಒಳ್ಳೆಯದು. ರೇಷ್ಮೆಯ ಚೇಲೆಯನ್ನು ಮಡಚಿಟ್ಟರೆ ಜರಿ ಮಡಿಕೆಯಲ್ಲಿ ಮುರಿಯುತ್ತದೆ, ಆಮ್ಲರಹಿತ ಕಾಗದ ಸುತ್ತಿದ ಕೊಳವೆಗೆ ಸುರುಳಿ ಸುತ್ತಿಡಬೇಕು. ಗೋಡೆಗೆ ತಾಗಿದಂತೆ, ನೆಲಕ್ಕೆ ಮುಟ್ಟಿದಂತೆ ಯಾವುದನ್ನೂ ಇಡಬಾರದು.

ಹಳಬರ ಕ್ರಮದಿಂದ ಕಲಿಯುವುದೂ ಬಹಳ ಇದೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತಾ ಇದ್ದ ಬಿದಿರಿನ ಬುಟ್ಟಿಗೆ ಹುಳು ಹತ್ತುತ್ತಿರಲಿಲ್ಲ, ಬೂಷ್ಟು ಕಟ್ಟುತ್ತಿರಲಿಲ್ಲ. ಅದೇ ಬುಟ್ಟಿಯನ್ನು ಗಾಳಿಯಾಡದ ಸಿಮೆಂಟ್ ಕೋಣೆಗೆ ತಂದಿಟ್ಟರೆ ಒಂದೇ ಮಳೆಗಾಲದಲ್ಲಿ ಕಪ್ಪಾಗಬಹುದು. ಮಸಿ ಹಿಡಿದಿದೆ ಎಂದು ಅದನ್ನು ತಿಕ್ಕಿ ತೊಳೆಯುವುದು ಇನ್ನೂ ದೊಡ್ಡ ಹಾನಿ, ಏಕೆಂದರೆ ಆ ಹೊಗೆಯ ಪದರ ಬುಟ್ಟಿಯ ರಕ್ಷಣೆಯೂ ಹೌದು, ಅದರ ಬದುಕಿನ ದಾಖಲೆಯೂ ಹೌದು.

ಪ್ರಶ್ನೆ: ಸಂಗ್ರಹದ ಬಹುಪಾಲು ಗೋದಾಮಿನಲ್ಲೇ ಇರುತ್ತದಂತೆ. ಹಾಗಾದರೆ ಕೊಟ್ಟು ಏನು ಪ್ರಯೋಜನ?

ಇದು ನ್ಯಾಯವಾದ ಕೊರಗು. ಯಾವ ದೊಡ್ಡ ಮ್ಯೂಸಿಯಂ ಕೂಡ ತನ್ನಲ್ಲಿರುವುದರ ಒಂದು ಸಣ್ಣ ಭಾಗವನ್ನಷ್ಟೇ ಒಮ್ಮೆಗೆ ಪ್ರದರ್ಶಿಸಬಲ್ಲದು, ಬಟ್ಟೆಯಂಥವಕ್ಕೆ ಬೆಳಕಿನಿಂದ ಬಿಡುವೂ ಬೇಕು. ಆದರೆ ಗೋದಾಮಿಗೆ ಬೀಗ ಹಾಕಿಡಲೇಬೇಕೆಂಬ ನಿಯಮವಿಲ್ಲ. ಲಂಡನ್ನಿನಲ್ಲಿ 2025ರ ಮೇ ತಿಂಗಳಲ್ಲಿ ತೆರೆದ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಸೇರಿದ ವಿ ಅಂಡ್ ಎ ಈಸ್ಟ್ ಸ್ಟೋರ್‌ಹೌಸ್‌ನಲ್ಲಿ ಗೋದಾಮನ್ನೇ ಜನರಿಗೆ ತೆರೆದಿಟ್ಟಿದ್ದಾರೆ. ತಾವು ನೋಡಬೇಕೆಂದಿರುವ ವಸ್ತುವನ್ನು ಯಾರಾದರೂ ಮುಂಚಿತವಾಗಿ ತಿಳಿಸಿದರೆ ಅದನ್ನು ಹೊರತೆಗೆದು ಹತ್ತಿರದಿಂದ ತೋರಿಸುತ್ತಾರೆ. ಇದಕ್ಕೆ ಅರಮನೆಯಂಥ ಕಟ್ಟಡ ಬೇಕಿಲ್ಲ. ಒಂದು ಮೇಜು, ಒಳ್ಳೆಯ ಬೆಳಕು, ಜೊತೆಗೆ ನಿಲ್ಲುವ ಒಬ್ಬ ಸಿಬ್ಬಂದಿ ಇದ್ದರೆ ಸಣ್ಣ ಊರಿನ ಮ್ಯೂಸಿಯಂ ಕೂಡ ತಿಂಗಳಿಗೆರಡು ದಿನ ಈ ಕೆಲಸ ಮಾಡಬಹುದು.

ಪ್ರಶ್ನೆ: ಮ್ಯೂಸಿಯಂಗಳು ಅಂತರ್ಜಾಲದಲ್ಲಿ ಸಂಗ್ರಹವನ್ನು ಹೇಗೆ ಹಂಚುತ್ತವೆ?

ನ್ಯೂಯಾರ್ಕಿನ ಕೂಪರ್ ಹ್ಯೂವಿಟ್ ವಿನ್ಯಾಸ ಮ್ಯೂಸಿಯಂ 2012ರಲ್ಲಿ ತನ್ನ ಸಂಗ್ರಹದ ವಿವರಗಳ ಪಟ್ಟಿಯನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸುವಂತೆ ಮುಕ್ತವಾಗಿ ಕೊಟ್ಟಿತು. ಅದರ ಮಾತೃಸಂಸ್ಥೆ ಸ್ಮಿತ್ಸೋನಿಯನ್ 2020ರ ಫೆಬ್ರವರಿಯಲ್ಲಿ 28 ಲಕ್ಷ ಚಿತ್ರಗಳನ್ನು ಹಕ್ಕಿನ ನಿರ್ಬಂಧವಿಲ್ಲದೆ ಬಿಡುಗಡೆ ಮಾಡಿತು. ಬೆಂಗಳೂರಿನ ಕಲೆ ಮತ್ತು ಛಾಯಾಚಿತ್ರ ಮ್ಯೂಸಿಯಂ 2023ರಲ್ಲಿ ಕಟ್ಟಡ ತೆರೆಯುವ ಮೊದಲೇ, 2020ರ ಡಿಸೆಂಬರಿನಲ್ಲಿ, ಅಂತರ್ಜಾಲದಲ್ಲಿ ಕಾರ್ಯಾರಂಭ ಮಾಡಿತ್ತು. ಕೊಡವ ಸಂಸ್ಕೃತಿಗೆಂದೇ 2022ರಲ್ಲಿ 'ಸಂದೂಕ' ಎಂಬ ವರ್ಚುವಲ್ ಮ್ಯೂಸಿಯಂ ಆರಂಭವಾದದ್ದು ನಮಗೆ ಹೆಮ್ಮೆಯ ವಿಷಯ.

ಕೆಲಸದ ಕ್ರಮ ಹೀಗಿದೆ: ಬಣ್ಣದ ಪಟ್ಟಿ ಮತ್ತು ಅಳತೆಪಟ್ಟಿಯನ್ನು ಜೊತೆಗಿಟ್ಟು ಎಲ್ಲ ಬದಿಯಿಂದ ಫೋಟೊ ತೆಗೆಯುತ್ತಾರೆ, ಗುಣಮಟ್ಟ ಇಳಿಯದ ಟಿಫ್ ಕಡತವನ್ನು ಮೂಲಪ್ರತಿಯಾಗಿ ಇಟ್ಟುಕೊಂಡು ಜೆಪೆಗ್ ಪ್ರತಿಯನ್ನು ಜನರಿಗೆ ಕೊಡುತ್ತಾರೆ, ಮೂರು ಪ್ರತಿಗಳಲ್ಲಿ ಒಂದನ್ನು ಬೇರೆ ಊರಿನಲ್ಲಿಡುತ್ತಾರೆ. 2018ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್ಲಿನ ರಾಷ್ಟ್ರೀಯ ಮ್ಯೂಸಿಯಂ ಬೆಂಕಿಗೆ ಸಿಕ್ಕಾಗ ಬಹುಪಾಲು ಸಂಗ್ರಹ ಸುಟ್ಟುಹೋಯಿತು, ಆಮೇಲೆ ಜನರ ಬಳಿ ಇದ್ದ ಫೋಟೊಗಳನ್ನು ಕೇಳಿ ಒಟ್ಟುಮಾಡಬೇಕಾಯಿತು.

ಪ್ರಶ್ನೆ: ಎಲ್ಲವನ್ನೂ ಎಲ್ಲರಿಗೂ ಮುಕ್ತವಾಗಿ ತೋರಿಸುವುದು ಸರಿಯೇ?

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮಾಡಿದವರನ್ನೂ ಬಳಸಿದವರನ್ನೂ ಕೇಳದೆ ಹಂಚುವುದು ಹಂಚಿಕೆಯಲ್ಲ. 1866ರಲ್ಲಿ ಲಂಡನ್ನಿನ ಇಂಡಿಯಾ ಮ್ಯೂಸಿಯಂನ ಅಧಿಕಾರಿ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ 700 ಬಟ್ಟೆಗಳ ತುಂಡುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ, ಅಂಥ 20 ಪ್ರತಿಗಳನ್ನು ಮಾಡಿಸಿದರು. 13 ಪ್ರತಿಗಳು ಬ್ರಿಟನ್ನಿಗೆ, 7 ಭಾರತಕ್ಕೆ. ಮಾಹಿತಿಯ ಹಂಚಿಕೆಯೆಂದು ನೋಡಿದರೆ ಅದು ಅಚ್ಚುಕಟ್ಟಾದ ಕೆಲಸ. ಅದರ ಮುಖ್ಯ ಉದ್ದೇಶ ಮಾತ್ರ, ಭಾರತದವರು ಯಾವ ಬಟ್ಟೆ ಉಡುತ್ತಾರೆಂದು ಬ್ರಿಟನ್ನಿನ ಗಿರಣಿಯವರು ನೋಡಿ ತಿಳಿದು, ಅಂಥದ್ದನ್ನೇ ನೇಯ್ದು ಇಲ್ಲಿಗೆ ಮಾರಲಿ ಎಂಬುದಾಗಿತ್ತು. ನೇಯ್ದ ಕೈಗಳಿಗೆ ಅದರಿಂದ ನಷ್ಟವೇ ಆಯಿತು.

ಇಂದೂ ಅದೇ ಎಚ್ಚರ ಬೇಕು. ಕಾನೂನು ಇಲ್ಲಿ ಪೂರ್ತಿ ಕೈಹಿಡಿಯುವುದಿಲ್ಲ. ಕೃತಿಸ್ವಾಮ್ಯ ಕರ್ತೃವಿನ ಮರಣದ ನಂತರ 60 ವರ್ಷ ಇರುತ್ತದೆ, 2000ದ ವಿನ್ಯಾಸ ಕಾಯ್ದೆಯ ನೋಂದಣಿ ಹೆಚ್ಚೆಂದರೆ 15 ವರ್ಷ ನಡೆಯುತ್ತದೆ, ತಲೆಮಾರುಗಳಿಂದ ಬಂದ ಬುಟ್ಟಿಯ ಹೆಣಿಗೆಗೆ ಇವೆರಡೂ ಅನ್ವಯಿಸುವುದಿಲ್ಲ. ಆದ್ದರಿಂದ ಒಪ್ಪಂದದ ಪತ್ರದಲ್ಲೇ ಬರೆಸಿಕೊಳ್ಳಬೇಕು: ಚಿತ್ರವನ್ನು ಯಾರು ನೋಡಬಹುದು, ವ್ಯಾಪಾರಕ್ಕೆ ಬಳಸಬಹುದೇ, ಬಳಸಿದರೆ ಯಾರ ಹೆಸರು ಹಾಕಬೇಕು, ಯಾರಿಗೆ ಪಾಲು ಸಲ್ಲಬೇಕು. ಒಡವೆಯ ಚಿತ್ರವನ್ನು ಬಹಿರಂಗಪಡಿಸುವಾಗ ಮನೆಯ ವಿಳಾಸ, ನಕ್ಷೆಯ ಗುರುತು ಕಾಣದಂತೆ ನೋಡಿಕೊಳ್ಳಬೇಕು. ಕೈಮಡದಲ್ಲಿ (ಪೂರ್ವಜರ ಗುಡಿ) ಕಾರಣವರಿಗೆ, ಅಂದರೆ ಕುಲದ ಪೂರ್ವಜರಿಗೆ, ಇಟ್ಟ ವಸ್ತುಗಳು, ದೈವಾರಾಧನೆಯ ಕುಣಿತವಾದ ತೆರೆಯ ವೇಷಭೂಷಣಗಳು, ಹಾಡಿಯವರು ಹೊರಗಿನವರಿಗೆ ತೋರಿಸದ ಪೂಜಾವಸ್ತುಗಳು ಇವನ್ನು ತೋರಿಸಬಹುದೇ ಎಂಬುದನ್ನು ಅವರೇ ಹೇಳಬೇಕು. ಅವರು ಬೇಡವೆಂದರೆ ದಾಖಲೆಯನ್ನು ಮುಚ್ಚಿಡಬೇಕು, ಕಾರಣ ಕೇಳಬೇಕಾಗಿಲ್ಲ.

ಪ್ರಶ್ನೆ: ಕುಶಲಕರ್ಮಿಗಳಿಗೆ ಇದರಿಂದ ಏನು ಸಿಗುತ್ತದೆ?

ಸರಿಯಾಗಿ ನಡೆದರೆ ಬಹಳ ಸಿಗುತ್ತದೆ. ಕೂಪರ್ ಹ್ಯೂವಿಟ್ ಮ್ಯೂಸಿಯಂ ಅನ್ನು 1897ರಲ್ಲಿ ಸಾರಾ ಮತ್ತು ಎಲಿನರ್ ಹ್ಯೂವಿಟ್ ಸೋದರಿಯರು ಕಟ್ಟಿದ್ದೇ, ಕೈಕೆಲಸದವರೂ ವಿದ್ಯಾರ್ಥಿಗಳೂ ವಸ್ತುಗಳನ್ನು ಹತ್ತಿರದಿಂದ ನೋಡಿ ಕಲಿಯಲಿ ಎಂದು. ಬುಟ್ಟಿ ಹೆಣೆಯುವ ಒಬ್ಬ ಹುಡುಗಿ ತನ್ನ ಅಜ್ಜಿಯ ಕಾಲದ ತಳದ ಹೆಣಿಗೆಯನ್ನು ನೋಡಬೇಕೆಂದರೆ, ಬುಟ್ಟಿಯನ್ನು ಮಗುಚಿ ಸೀಳುಗಳ ಎಣಿಕೆ ಮಾಡಲು ಅವಳಿಗೆ ಅವಕಾಶವಾಗಬೇಕು. ಮುಂಭಾಗದ ಒಂದು ಸುಂದರ ಫೋಟೊ ಅವಳಿಗೆ ಏನೂ ಹೇಳುವುದಿಲ್ಲ. ಬಿದಿರನ್ನು ಯಾವ ತಿಂಗಳಲ್ಲಿ ಕಡಿಯಬೇಕು, ಎಷ್ಟು ದಿನ ನೀರಲ್ಲಿಡಬೇಕು, ಎಷ್ಟು ತೆಳುವಾಗಿ ಸೀಳಬೇಕು ಎಂಬುದರ ವಿಡಿಯೊ ದಾಖಲೆ ಅವಳ ಸಮುದಾಯದವರಿಗೆ ಮೊದಲು ತಲುಪಬೇಕು, ಅದೂ ಮೊಬೈಲ್‌ನಲ್ಲಿ ತೆರೆಯುವಂತಿರಬೇಕು. ದಾಖಲೆ ಕೊಟ್ಟ ದಿನಗಳಿಗೆ ಕೂಲಿಗಿಂತ ಕಡಿಮೆಯಿಲ್ಲದ ಗೌರವಧನವೂ ಸಲ್ಲಬೇಕು.

ಪ್ರಶ್ನೆ: ಕೊಟ್ಟ ವಸ್ತುವನ್ನು ಮತ್ತೆ ಪಡೆಯಬಹುದೇ?

ಎರವಲಾಗಿ ಕೊಟ್ಟಿದ್ದರೆ ಅವಧಿ ಮುಗಿದಾಗ ಪಡೆಯಬಹುದು. ದಾನವಾಗಿ ಕೊಟ್ಟಿದ್ದರೆ ಒಡೆತನ ಮ್ಯೂಸಿಯಂನದು. ಮ್ಯೂಸಿಯಂ ತಾನಾಗಿ ಒಂದು ವಸ್ತುವನ್ನು ಸಂಗ್ರಹದಿಂದ ತೆಗೆಯಬೇಕಾದರೆ ಅದಕ್ಕೂ ಲಿಖಿತ ನಿಯಮಗಳಿವೆ. ಆಗ ಮೊದಲು ಕೊಟ್ಟ ಮನೆಯನ್ನೇ ಕೇಳತಕ್ಕದ್ದು ಎಂಬ ಒಂದು ಸಾಲನ್ನು ದಾನಪತ್ರದಲ್ಲಿ ಸೇರಿಸಿಕೊಳ್ಳಿ.

ಪ್ರಶ್ನೆ: ಮ್ಯೂಸಿಯಂ ಹತ್ತಿರದಲ್ಲಿಲ್ಲ. ಮನೆಯಲ್ಲೇ ನಾವು ಏನು ಮಾಡಬಹುದು?

ಒಂದು ದಪ್ಪ ನೋಟುಪುಸ್ತಕದಿಂದ ಆರಂಭಿಸಿ. ಪ್ರತಿ ವಸ್ತುವಿಗೆ ಒಂದು ಪುಟ, ಒಂದು ಸಂಖ್ಯೆ. ಹೆಸರು, ಅಳತೆ, ಯಾವುದರಿಂದ ಮಾಡಿದ್ದು, ಮಾಡಿದವರು ಯಾರು, ಮನೆಗೆ ಹೇಗೆ ಬಂತು, ಯಾವಾಗ ಬಳಸುತ್ತಿದ್ದರು, ಈಗ ಎಲ್ಲಿದೆ, ಇಷ್ಟನ್ನು ಬರೆಯಿರಿ. ಕಿಟಕಿಯ ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಸ್ಕೇಲ್ ಇರಿಸಿ ಮೊಬೈಲ್‌ನಿಂದಲೇ ಫೋಟೊ ತೆಗೆಯಿರಿ, ತಳಭಾಗವನ್ನೂ ಒಳಭಾಗವನ್ನೂ ಮರೆಯಬೇಡಿ. ಮನೆಯ ಹಿರಿಯರು ವಸ್ತುವನ್ನು ಕೈಯಲ್ಲಿ ಹಿಡಿದು ಮಾತಾಡುವಾಗ ಧ್ವನಿಮುದ್ರಿಸಿಕೊಳ್ಳಿ. ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದ ಹೆಣ್ಣುಮಕ್ಕಳನ್ನೂ ಕೇಳಿ, ಅಡುಗೆಕೋಣೆಯ, ಕೊಟ್ಟಿಗೆಯ ವಸ್ತುಗಳ ವಿವರ ಅವರ ನೆನಪಿನಲ್ಲಿ ಹೆಚ್ಚಾಗಿ ಉಳಿದಿರುತ್ತದೆ.

ಹಿತ್ತಾಳೆ, ಬೆಳ್ಳಿಗೆ ಅಂಗಡಿಯ ಪಾಲಿಶ್ ಹಾಕಿ ಪದೇ ಪದೇ ಉಜ್ಜಬೇಡಿ, ಪ್ರತಿ ಬಾರಿಯೂ ಕೆತ್ತನೆ ಸ್ವಲ್ಪ ಸವೆಯುತ್ತದೆ. ಹಳೆಯ ಮರಕ್ಕೆ ವಾರ್ನಿಷ್ ಬಳಿಯಬೇಡಿ. ರೇಷ್ಮೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಒಗೆದ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ, ಮಳೆ ಕಳೆದ ಮೇಲೆ ನೆರಳಿನಲ್ಲಿ ಗಾಳಿಗೆ ಹರಡಿ, ಮತ್ತೆ ಮಡಚುವಾಗ ಮಡಿಕೆಯ ಜಾಗ ಬದಲಾಯಿಸಿ.

ನೋಟುಪುಸ್ತಕದ ಪ್ರತಿಯನ್ನೂ ಫೋಟೊಗಳನ್ನೂ ಬೇರೆ ಊರಿನಲ್ಲಿರುವ ಒಕ್ಕದವರೊಬ್ಬರ ಬಳಿ ಇಡಿ. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಕೊಡಗಿನ ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಓಡಬೇಕಾಯಿತು. ಮುಂಗಾರು ಶುರುವಾಗುವ ಮೊದಲು, ಮೇ ತಿಂಗಳ ಕೊನೆಯೊಳಗೆ, ಆ ವರ್ಷ ಸೇರಿಸಿದ ಪುಟಗಳ ಪ್ರತಿಯನ್ನು ಕಳುಹಿಸಿಬಿಡಿ.